ಫ್ರೆಷರ್ಸ್ ಕಾರ್ಯಕ್ರಮಕ್ಕೆ ಫ್ರೆಷರ್ಸೇ ಯಾಕೆ ಬರೋದಿಲ್ಲ?

ಓದುಗರ ಪ್ರಶ್ನೆ: ನಾನು ತುಮಕೂರಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಈ ಸಲ ಮೊದಲ ವರ್ಷದವರಿಗೆ ಸ್ವಾಗತ ಕಾರ್ಯಕ್ರಮ ಮಾಡುವ ಜವಾಬ್ದಾರಿ ನಮ್ಮ ತರಗತಿಗೆ ಬಂದಿದೆ. ಹೋದ ವರ್ಷ ಸೀನಿಯರ್‌ಗಳು ಪೋಸ್ಟರ್ ಹಾಕಿದರು, ರೀಲ್ಸ್ ಮಾಡಿದರು, ವಾಟ್ಸಾಪ್ ಗ್ರೂಪಿಗೆ ದಿನಾ ಮೆಸೇಜ್ ಹಾಕಿದರು. ಆದರೂ ಅರ್ಧ ಹಾಲ್ ಖಾಲಿ. ಹೇಗೆ ಪ್ರಚಾರ ಮಾಡಿದರೆ ಹೊಸಬರು ಬರುತ್ತಾರೆ ಸರ್?

ಉತ್ತರ: ಪ್ರಚಾರದ ಮಾತಿಗೆ ಆಮೇಲೆ ಬರೋಣ. ಹೋದ ವರ್ಷದ ಕಾರ್ಯಕ್ರಮ ಎಷ್ಟು ಗಂಟೆಗೆ ಇತ್ತು ಅಂತ ನೀವು ಬರೆದಿಲ್ಲ. ಮಧ್ಯಾಹ್ನ ಮೂರಕ್ಕೋ ಮೂರೂವರೆಗೋ ಇಟ್ಟಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ನಿಮ್ಮ ಜೂನಿಯರ್‌ಗಳ ಹಾಜರಿ ಪುಸ್ತಕ ತೆಗೆದು, ಯಾರು ಎಲ್ಲಿಂದ ಬರುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ನಮ್ಮದು ಹತ್ತು ತಾಲ್ಲೂಕಿನ ಜಿಲ್ಲೆ. ಗುಬ್ಬಿ ಸುಮಾರು 20 ಕಿಲೋಮೀಟರ್. ಮಧುಗಿರಿ 40 ದಾಟುತ್ತದೆ. ಶಿರಾ 50ರ ಹತ್ತಿರ. ಇಲ್ಲಿಂದೆಲ್ಲ ದಿನಾ ಬಂದು ಹೋಗುವ ಮಕ್ಕಳಿದ್ದಾರೆ. ತಾಲ್ಲೂಕು ಕೇಂದ್ರದಲ್ಲೇ ಮನೆ ಇದ್ದರೆ ಪರವಾಗಿಲ್ಲ. ಅಲ್ಲಿ ಇಳಿದು ಇನ್ನೊಂದು ಬಸ್ ಹತ್ತಿ ಹಳ್ಳಿಗೆ ಹೋಗುವವರ ಪಾಡು ಬೇರೆ. ಸಂಜೆ ಆ ಕಡೆಗೆ ಹೋಗುವ ಒಂದು ಬಸ್ ತಪ್ಪಿತು ಅಂದರೆ ಅಪ್ಪನೋ ಅಣ್ಣನೋ ಬೈಕ್ ತಗೊಂಡು ಬರಬೇಕು. ಕಾಲೇಜು ಸೇರಿ ಎರಡು ವಾರ ಆಗಿರುವ ಹುಡುಗಿ ಮನೆಗೆ ಫೋನ್ ಮಾಡಿ "ಫ್ರೆಷರ್ಸ್ ಪಾರ್ಟಿ ಇತ್ತು, ಲೇಟಾಯ್ತು" ಅಂತ ಹೇಳೋದು ಅಷ್ಟು ಸುಲಭ ಅಂದುಕೊಂಡಿದ್ದೀರಾ?

ದುಡ್ಡಿನ ಲೆಕ್ಕವೂ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಖಾಸಗಿ ಬಸ್‌ನಲ್ಲಿ ದುಡ್ಡು ಕೊಡಲೇಬೇಕು. ಗಂಡುಮಕ್ಕಳ ಪಾಸ್ ಕೂಡ ಸರ್ಕಾರಿ ಬಸ್‌ಗೆ ಮಾತ್ರ. ಹಾಗಾಗಿ ಇವರೆಲ್ಲ ಕಣ್ಣಿಟ್ಟಿರುವುದು ಒಂದು ನಿರ್ದಿಷ್ಟ ಬಸ್ಸಿನ ಮೇಲೆ. ನಿಮ್ಮ ಡ್ಯಾನ್ಸ್ ಶುರುವಾಗುವ ಹೊತ್ತಿಗೆ ಅವರು ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುತ್ತಿರುತ್ತಾರೆ.

ಪಾವಗಡದಂಥ ದೂರದ ಊರಿನವರು ರೂಮಿನಲ್ಲೋ ಹಾಸ್ಟೆಲ್‌ನಲ್ಲೋ ಇರುತ್ತಾರೆ. ಅವರಾದರೂ ಬರಬಹುದಲ್ವಾ ಅಂದರೆ, ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಇರುತ್ತಾರೆ, ಹಾಜರಿ ಇರುತ್ತದೆ. ಇನ್ನು ಕೆಲವರು ಕಾಲೇಜು ಮುಗಿಸಿ ಅಂಗಡಿ, ಮೆಡಿಕಲ್ ಸ್ಟೋರ್, ಮೊಬೈಲ್ ಶಾಪ್‌ಗಳಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಹೋಗುತ್ತಾರೆ. ಇವರಲ್ಲಿ ಯಾರೂ ನಿಮ್ಮ ಪೋಸ್ಟರ್ ನೋಡಿಲ್ಲ ಅಂತಲ್ಲ. ನೋಡಿದ್ದಾರೆ, ಗಂಟೆ ಓದಿದ್ದಾರೆ, ಆಗಲ್ಲ ಅಂತ ಸುಮ್ನಾಗಿದ್ದಾರೆ.

ಆದ್ದರಿಂದ ಮೊದಲ ಕೆಲಸ ಸಮಯ ಬದಲಿಸುವುದು. ಬೆಳಗ್ಗೆ 11ಕ್ಕೆ ಶುರು, 1ಕ್ಕೆ ಮುಗಿಯಬೇಕು. ವಾರದ ಮಧ್ಯದ ದಿನ ಇಡಿ. ಶನಿವಾರ ಬೇಡ, ರೂಮು-ಹಾಸ್ಟೆಲ್‌ನವರು ಊರಿಗೆ ಹೊರಟಿರುತ್ತಾರೆ. ಗಣೇಶನ ಹಬ್ಬದ ಹಿಂದುಮುಂದಿನ ದಿನಗಳಲ್ಲಂತೂ ಬೇಡವೇ ಬೇಡ.

ಕ್ಲಾಸ್ ಬಿಡಿಸಿ ಕಾರ್ಯಕ್ರಮ ಮಾಡೋಕೆ ಪ್ರಿನ್ಸಿಪಾಲರು ಒಪ್ಪುತ್ತಾರಾ? ಕೇಳುವ ರೀತಿಯಲ್ಲಿ ಕೇಳಿದರೆ ಒಪ್ಪುತ್ತಾರೆ. ಹೊಸ ವಿದ್ಯಾರ್ಥಿಗಳನ್ನು ಕಾಲೇಜಿಗೆ ಹೊಂದಿಸುವ ಕೆಲಸ ಸೀನಿಯರ್‌ಗಳ ಹುಡುಗಾಟ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವೇ (ಯುಜಿಸಿ) 2019ರಲ್ಲಿ 'ದೀಕ್ಷಾರಂಭ' ಅಂತ ಇದಕ್ಕೊಂದು ಮಾರ್ಗದರ್ಶಿ ತಂದಿದೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನೇ ಹೇಳುತ್ತದೆ. ಅದರ ಮುಂದೆ ನೀವು ಕೇಳುವುದು ಎರಡು ಪೀರಿಯಡ್. ಪತ್ರದಲ್ಲಿ ದೀಕ್ಷಾರಂಭದ ಹೆಸರು ಬರೆಯಿರಿ. ಪ್ರಿನ್ಸಿಪಾಲರಿಗೂ ಮುಂದೆ ವರದಿಯಲ್ಲಿ ತೋರಿಸೋಕೆ ಅನುಕೂಲ.

ಇನ್ನು ಕಾರ್ಯಕ್ರಮದಲ್ಲಿ ಏನಿರಬೇಕು. ನನ್ನ ಅಭಿಪ್ರಾಯ ನಿಮಗೆ ಸ್ವಲ್ಪ ಸಪ್ಪೆ ಅನ್ನಿಸಬಹುದು. ಹಾಡು-ಡ್ಯಾನ್ಸ್‌ಗಿಂತ ಮುಂಚೆ ಒಂದು ಸಹಾಯದ ಟೇಬಲ್ ಹಾಕಿ. ಹಾಲ್‌ನ ಬಾಗಿಲಲ್ಲೇ ಇರಲಿ. ಕಾಲೇಜು ಸೇರಿದ ಮೊದಲ ತಿಂಗಳು ಹೊಸಬರ ತಲೆ ತಿನ್ನುವುದು ಸ್ನೇಹಿತರಿಲ್ಲ ಅನ್ನೋ ಚಿಂತೆ ಒಂದೇ ಅಲ್ಲ. ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕು. ಅದಕ್ಕೆ ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇಲ್ಲದಿದ್ದರೆ ಅರ್ಜಿ ಪಾಸಾದರೂ ದುಡ್ಡು ಬರಲ್ಲ. ಬಸ್ ಪಾಸಿಗೆ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ಅಡ್ಮಿಷನ್, ಪರೀಕ್ಷೆಯ ಪೋರ್ಟಲ್ ಆದ ಯುಯುಸಿಎಂಎಸ್‌ನ ಲಾಗಿನ್ ಪಾಸ್‌ವರ್ಡ್ ಮರೆತಿರುತ್ತಾರೆ, ಓಟಿಪಿ ಇನ್ಯಾರದೋ ಮೊಬೈಲಿಗೆ ಹೋಗುತ್ತಿರುತ್ತದೆ. ಸೈಬರ್ ಸೆಂಟರ್‌ಗೆ ಹೋದರೆ ದುಡ್ಡು, ಕಚೇರಿಗೆ ಹೋದರೆ ಕ್ಯೂ.

ಇದನ್ನೆಲ್ಲ ಹೋದ ವರ್ಷ ತಾನೇ ದಾಟಿ ಬಂದವರು ನೀವು. ನಿಮ್ಮಲ್ಲಿ ನಾಲ್ಕು ಜನ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಸಾಕು. ಒಂದು ಎಚ್ಚರ: ಪಾಸ್‌ವರ್ಡ್, ಓಟಿಪಿಯನ್ನು ಅವರೇ ಒತ್ತಲಿ. ನೀವು ಬರೆದಿಟ್ಟುಕೊಳ್ಳಬೇಡಿ, ಆಧಾರ್ ಜೆರಾಕ್ಸ್ ಕೂಡ ಇಟ್ಟುಕೊಳ್ಳಬೇಡಿ. ಈ ಟೇಬಲ್ ಇದೆ ಅಂತ ಗೊತ್ತಾದರೆ ಪೋಸ್ಟರ್ ಇಲ್ಲದೆಯೂ ಜನ ಬರುತ್ತಾರೆ. ಬಂದವರು ಹೇಗೂ ಒಳಗೆ ಕೂತೇ ಕೂರುತ್ತಾರೆ.

ವೇದಿಕೆಯ ಭಾಗ ಆದಷ್ಟು ಚಿಕ್ಕದಿರಲಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ, ಉದ್ಘಾಟನಾ ನುಡಿ, ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಇಷ್ಟಾಗುವಷ್ಟರಲ್ಲಿ ಹೊಸಬರು ಮೊಬೈಲ್ ತೆಗೆದು ಬಹಳ ಹೊತ್ತಾಗಿರುತ್ತದೆ. ನಾಡಗೀತೆಗೆ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡ್ ಅಂತ ಸಮಯ ನಿಗದಿ ಮಾಡಿತು. ಸ್ವಾಗತ ಭಾಷಣಕ್ಕೂ ಅಂಥದ್ದೊಂದು ಆದೇಶ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಪ್ರಿನ್ಸಿಪಾಲರು ಮಾತಾಡಲಿ, ಒಬ್ಬರು ಮೇಷ್ಟ್ರು ಮಾತಾಡಲಿ, ಸಾಕು. ಹೊರಗಿನ ಅತಿಥಿ ಬೇಡ. ಅತಿಥಿ ಬಂದರೆ ತಡವಾಗಿ ಬರುತ್ತಾರೆ, ಅವರು ಬರುವ ತನಕ ಎಲ್ಲರೂ ಕಾಯಬೇಕು, ನಿಮ್ಮ 1 ಗಂಟೆ 2 ಆಗುತ್ತದೆ.

ನಿರೂಪಣೆ ಕನ್ನಡದಲ್ಲಿ ಇರಲಿ. ಸ್ಟೈಲ್ ಅಂತ ಪೂರ್ತಿ ಇಂಗ್ಲಿಷ್‌ನಲ್ಲಿ ಆಂಕರಿಂಗ್ ಮಾಡಿದರೆ ಕನ್ನಡ ಮಾಧ್ಯಮದಿಂದ ಬಂದ ಹುಡುಗ ಅವತ್ತೇ ಕೊನೇ ಬೆಂಚಿಗೆ ಸೇರಿಕೊಳ್ಳುತ್ತಾನೆ. ಪಾವಗಡ ಕಡೆಯವರ ಮನೆಮಾತು ತೆಲುಗು ಇರಬಹುದು, ಕೆಲವರದು ಉರ್ದು. ಅವರ ಮಾತಿನ ಧಾಟಿ ಹಿಡಿದು ತಮಾಷೆ ಮಾಡೋದು ಬೇಡ, ಪ್ರೀತಿಯಿಂದ ಕೂಡ ಬೇಡ.

ಈಗ ಪ್ರಚಾರ.

ವಾಟ್ಸಾಪ್ ಗ್ರೂಪ್ ಇದೆ ಅಂದಿರಿ. ಅದರಲ್ಲಿ ಎಷ್ಟು ನಂಬರ್ ವಿದ್ಯಾರ್ಥಿಗಳದ್ದು? ಅಡ್ಮಿಷನ್ ಫಾರಂನಲ್ಲಿ ಅಪ್ಪನ ನಂಬರ್ ಕೊಟ್ಟವರು ಬಹಳ ಜನ ಇರುತ್ತಾರೆ. ನೀವು ಹಾಕಿದ ಬಣ್ಣಬಣ್ಣದ ಪೋಸ್ಟರ್ ಅಪ್ಪನ ಫೋನಿಗೆ ಹೋಗಿ, ಅಡಿಕೆ ರೇಟಿನ ಮೆಸೇಜ್‌ಗಳ ನಡುವೆ ಕೂತಿರುತ್ತದೆ. ಹಾಗಾಗಿ ಗ್ರೂಪಿಗೆ ಹಾಕುವ ಮೆಸೇಜನ್ನು ಅಪ್ಪ-ಅಮ್ಮನೂ ಓದುತ್ತಾರೆ ಅಂದುಕೊಂಡೇ ಬರೆಯಿರಿ. ಬಲೂನು, ಬೆಂಕಿ, ಕನ್ನಡಕ ಹಾಕಿದ ನಗುಮುಖಗಳಿಗಿಂತ ಅವರಿಗೆ ಬೇಕಾದ್ದು ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತೆ ಅನ್ನೋದು. ನಾನಾದರೆ ಹೀಗೆ ಬರೆಯುತ್ತೇನೆ:

"ಮೊದಲ ವರ್ಷದ ಬಿ.ಕಾಂ. ವಿದ್ಯಾರ್ಥಿಗಳಿಗೆ ಸ್ವಾಗತ ಕಾರ್ಯಕ್ರಮ. ಬುಧವಾರ ಬೆಳಗ್ಗೆ 11ಕ್ಕೆ, ಕಾಲೇಜಿನ ಸಭಾಂಗಣದಲ್ಲಿ. 1 ಗಂಟೆಗೆ ಮುಗಿಯುತ್ತದೆ. ದುಡ್ಡು ಕೊಡಬೇಕಿಲ್ಲ, ಡ್ರೆಸ್ ಕೋಡ್ ಇಲ್ಲ. ಅಧ್ಯಾಪಕರು ಜೊತೆಗಿರುತ್ತಾರೆ. ಸ್ಕಾಲರ್‌ಶಿಪ್, ಬಸ್ ಪಾಸ್ ಅರ್ಜಿಗೆ ಅಲ್ಲೇ ಸಹಾಯ ಸಿಗುತ್ತದೆ. ಆಧಾರ್, ಆರ್‌ಡಿ ನಂಬರ್, ಬ್ಯಾಂಕ್ ಪಾಸ್‌ಬುಕ್ ತನ್ನಿ."

ಇದನ್ನು ಎರಡೇ ಸಲ ಹಾಕಿ. ನಾಲ್ಕು ದಿನ ಮುಂಚೆ ಒಮ್ಮೆ, ಹಿಂದಿನ ಸಂಜೆ ಒಮ್ಮೆ. ದಿನಾ ಹಾಕಿದರೆ ಗ್ರೂಪನ್ನೇ ಮ್ಯೂಟ್ ಮಾಡುತ್ತಾರೆ. ರೀಲ್ಸ್ ಬೇಕಾದರೆ ಮಾಡಿ, ತಪ್ಪಿಲ್ಲ. ಆದರೆ ಅದನ್ನು ನೋಡಿ ಲೈಕ್ ಒತ್ತುವವರಲ್ಲಿ ಜಾಸ್ತಿ ಜನ ನಿಮ್ಮ ಕ್ಲಾಸಿನವರೇ.

ಎಲ್ಲಕ್ಕಿಂತ ಕೆಲಸ ಮಾಡುವುದು ಬಾಯಿಮಾತಿನ ಕರೆ. ನಮ್ಮಲ್ಲಿ ಮದುವೆಗೆ ಪತ್ರಿಕೆ ಪೋಸ್ಟ್‌ನಲ್ಲಿ ಬಂದರೆ ಹೋಗೋದು ಅನುಮಾನ, ಮನೆಗೆ ಬಂದು ಕರೆದರೆ ಹೋಗದೆ ಇರೋಕಾಗಲ್ಲ. ಇದೂ ಹಾಗೇ. ಅಧ್ಯಾಪಕರ ಅನುಮತಿ ತಗೊಂಡು ಇಬ್ಬರು ಮೊದಲ ವರ್ಷದ ಪ್ರತಿ ಸೆಕ್ಷನ್‌ಗೂ ಹೋಗಿ. ಒಬ್ಬ ಹುಡುಗ, ಒಬ್ಬಳು ಹುಡುಗಿ. ಐದು ನಿಮಿಷ ಸಾಕು. ಬೋರ್ಡ್ ಮೇಲೆ ದಿನ, ಗಂಟೆ ಬರೆದು ಬನ್ನಿ. ಆಮೇಲೆ ಊರಿನ ಲೆಕ್ಕದಲ್ಲಿ ಹಂಚಿಕೊಳ್ಳಿ. ಕೊರಟಗೆರೆ ಬಸ್‌ನಲ್ಲಿ ಬರುವ ನಿಮ್ಮ ಕ್ಲಾಸಿನವರು ಅದೇ ಬಸ್‌ನ ಹೊಸಬರನ್ನು ಮಾತಾಡಿಸಲಿ, ಹಾಸ್ಟೆಲ್‌ನವರು ಹಾಸ್ಟೆಲ್‌ನವರನ್ನು. "ಬಾ, ನಾನೂ ಅಲ್ಲೇ ಇರ್ತೀನಿ" ಅಂತ ಒಬ್ಬರು ಹೇಳಿದರೆ ಸಾಕು. ಹೊಸಬರಿಗೆ ದೊಡ್ಡ ಭಯ ಒಬ್ಬರೇ ಹಾಲ್ ಒಳಗೆ ಕಾಲಿಡೋದು.

ಫ್ಲೆಕ್ಸ್ ಬೇಡ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸ್ ಬ್ಯಾನರ್‌ಗಳನ್ನೂ ನಿಷೇಧಿಸಿದೆ. ಎಲ್ಲ ಕಡೆ ಕಾಣಿಸುತ್ತವಲ್ಲ ಅಂತೀರಿ, ನಿಜ. ಆದರೂ ಕಾಲೇಜಿನ ಹೆಸರು ಹಾಕಿ ನೀವು ಯಾಕೆ ಕಟ್ಟಬೇಕು? ಬಟ್ಟೆ ಬ್ಯಾನರ್ ಬರೆಸಿ. ಊರಿನ ಗೋಡೆಗಳಿಗೂ ಪೋಸ್ಟರ್ ಅಂಟಿಸಬೇಡಿ, ಅದಕ್ಕೆ 1981ರಿಂದಲೇ ಕಾಯ್ದೆ ಇದೆ. ಕಾಲೇಜಿನ ನೋಟಿಸ್ ಬೋರ್ಡ್, ಫೀಸ್ ಕೌಂಟರ್, ಲೈಬ್ರರಿ ಬಾಗಿಲು, ಕ್ಯಾಂಟೀನ್. ಈ ನಾಲ್ಕು ಕಡೆ ಜೆರಾಕ್ಸ್ ಹಾಳೆ ಅಂಟಿಸಿದರೆ ಮುಗಿಯಿತು.

ನೀವು ಕೇಳದೇ ಇರುವ ಒಂದು ವಿಷಯ ಹೇಳಲೇಬೇಕು. ಹೊಸಬರು ಫ್ರೆಷರ್ಸ್ ಕಾರ್ಯಕ್ರಮ ತಪ್ಪಿಸಿಕೊಳ್ಳಲು ಇನ್ನೊಂದು ಕಾರಣ ಹೆದರಿಕೆ. ವೇದಿಕೆಗೆ ಎಳೆದು ಪ್ರಪೋಸ್ ಮಾಡು, ಕುಣಿ, ಹೆಣ್ಣಿನ ದನಿಯಲ್ಲಿ ಮಾತಾಡು ಅಂತಾರೆ ಅನ್ನೋದನ್ನು ಅಣ್ಣಂದಿರಿಂದ ಕೇಳಿಕೊಂಡೇ ಬಂದಿರುತ್ತಾರೆ. ಇದು ತಮಾಷೆ ಅಂತ ನಿಮಗೆ ಅನ್ನಿಸಬಹುದು. ಯುಜಿಸಿಯ 2009ರ ನಿಯಮಗಳ ಪ್ರಕಾರ, ಹೊಸಬರು ಸಾಮಾನ್ಯವಾಗಿ ಮಾಡದ ಕೆಲಸ ಮಾಡಿಸಿ ನಾಚಿಕೆಪಡುವಂತೆ ಮಾಡಿದರೆ ಅದು ರ್‍ಯಾಗಿಂಗ್. ಅವರ ಮೇಲೆ ಬಲವಂತವಾಗಿ ಖರ್ಚು ಹೇರುವುದೂ ರ್‍ಯಾಗಿಂಗ್. ಅಂದರೆ ತಲೆಗೆ ಇಷ್ಟು ಅಂತ ಕಡ್ಡಾಯ ವಸೂಲಿ, ಎಲ್ಲರೂ ಒಂದೇ ಬಣ್ಣದ ಸೀರೆ ಉಡಬೇಕು ಅನ್ನೋ ಆಜ್ಞೆ, ಇವೆಲ್ಲ ನಿಮ್ಮನ್ನು ತೊಂದರೆಗೆ ಸಿಕ್ಕಿಸಬಹುದು. ಮಾಡಿದವರು ಯಾರು ಅಂತ ಪತ್ತೆಯಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ಆ ನಿಯಮದಲ್ಲಿ ಅವಕಾಶ ಇದೆ. ಒಬ್ಬನ ಹುಡುಗಾಟಕ್ಕೆ ಇಡೀ ಕ್ಲಾಸ್ ಸಿಕ್ಕಿಬೀಳಬಹುದು.

ವೇದಿಕೆ ಆಟಗಳಿಗೆ ಕೈ ಎತ್ತಿದವರನ್ನು ಮಾತ್ರ ಕರೆಯಿರಿ. ಕಾರ್ಯಕ್ರಮದ ಉದ್ದಕ್ಕೂ ಅಧ್ಯಾಪಕರು ಹಾಲ್‌ನಲ್ಲೇ ಇರಲಿ. ರ್‍ಯಾಗಿಂಗ್ ತಡೆ ಸಹಾಯವಾಣಿ 1800-180-5522 ಅನ್ನು ಪೋಸ್ಟರ್‌ನ ಕೆಳಗೆ ನೀವೇ ಹಾಕಿ. ಸೀನಿಯರ್‌ಗಳೇ ಆ ನಂಬರ್ ಕೊಟ್ಟರೆ ಹೊಸಬರ ಅರ್ಧ ಹೆದರಿಕೆ ಹೋಗುತ್ತದೆ. ಮೇಲಿನ ಮೆಸೇಜ್‌ನಲ್ಲಿ ದುಡ್ಡಿಲ್ಲ, ಡ್ರೆಸ್ ಕೋಡ್ ಇಲ್ಲ ಅಂತ ಬರೆದಿದ್ದೂ ಇದಕ್ಕೇ.

ಹಾಗಾದರೆ ಖರ್ಚಿಗೆ? ಈ ರೀತಿ ಮಾಡಿದರೆ ಖರ್ಚೇ ಕಡಿಮೆ. ಹಾಲ್, ಮೈಕ್ ಕಾಲೇಜಿನದ್ದು. ಬಟ್ಟೆ ಬ್ಯಾನರ್, ಜೆರಾಕ್ಸ್, ಚಹಾ, ಒಂದು ತಿಂಡಿ. ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತವೆ, ಪ್ಲಾಸ್ಟಿಕ್ ಕಪ್ ತರಬೇಡಿ. ಡಿಜೆ ಕೈಬಿಟ್ಟರೆ ಉಳಿದದ್ದು ನಿಮ್ಮ ಕ್ಲಾಸಿನವರ ಚಂದಾದಲ್ಲೇ ಆಗುತ್ತದೆ. ಪ್ರಾಯೋಜಕರನ್ನು ಹುಡುಕಿಕೊಂಡು ಅಂಗಡಿ ಅಂಗಡಿ ತಿರುಗುವ ಅಗತ್ಯ ಇಲ್ಲ.

ಒಂದೇ ದಿನದಲ್ಲಿ ಎಲ್ಲ ಮುಗಿಸಬೇಕು ಅಂತಲೂ ಇಲ್ಲ. ಎರಡು ವಾರ ಬಿಟ್ಟು ಒಂದು ಬೆಳಗ್ಗೆ ಊರು ತೋರಿಸಿ. ಟೌನ್‌ಹಾಲ್ ಹತ್ತಿರ ಸೇರಿ, ಗ್ರಂಥಾಲಯ, ಬಸ್ ಸ್ಟ್ಯಾಂಡ್, ನಾಟಕಗಳು ನಡೆಯುವ ಗುಬ್ಬಿ ವೀರಣ್ಣ ಕಲಾಕ್ಷೇತ್ರ ತೋರಿಸಿ, ಅಮಾನಿಕೆರೆಯಲ್ಲಿ ಕೂತು ಮಾತಾಡಿ. ದೇವರಾಯನದುರ್ಗ ಬೆಟ್ಟಕ್ಕೆ ಹೋಗೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮೊದಲ ತಿಂಗಳಲ್ಲಿ ಬೇಡ. ಗಾಡಿ, ಪೋಷಕರ ಒಪ್ಪಿಗೆ, ಜವಾಬ್ದಾರಿ ಎಲ್ಲ ನಿಮ್ಮ ತಲೆ ಮೇಲೆ ಬರುತ್ತದೆ.

ಸ್ವಾಗತ ಕಾರ್ಯಕ್ರಮದ ದಿನ ಬಾಗಿಲಲ್ಲಿ ಒಂದು ಪುಸ್ತಕ ಇಡಿ. ಹೆಸರು, ಊರು, ಮನೆಗೆ ಹೋಗೋಕೆ ಹಿಡಿಯುವ ಬಸ್ಸಿನ ಸಮಯ, ಇಷ್ಟೇ ಬರೆಸಿ, ಫೋನ್ ನಂಬರ್ ಕೇಳಬೇಡಿ. ಮುಂದಿನ ವರ್ಷ ಈ ಕೆಲಸ ಅವರ ಪಾಲಿಗೆ ಬರುತ್ತದಲ್ಲ, ಆಗ ಆ ಪುಸ್ತಕವನ್ನು ಅವರ ಕೈಗೆ ಕೊಡಿ. ಕಾರ್ಯಕ್ರಮ ಎಷ್ಟು ಗಂಟೆಗೆ ಇಡಬೇಕು ಅಂತ ಅವರು ಯಾರನ್ನೂ ಕೇಳಬೇಕಾಗಿಲ್ಲ.