ಖಾಲಿ ಹೊಟ್ಟೆಯ ಸಕ್ಕರೆ ಎಲ್ಲಿಂದ ಬಂತು?

ಕಲಬುರಗಿಯ ಯಾವುದಾದರೂ ರಕ್ತಪರೀಕ್ಷೆಯ ಲ್ಯಾಬಿನ ಮುಂದೆ ಬೆಳಗ್ಗೆ ಏಳರ ಹೊತ್ತಿಗೆ ನಿಂತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. 'ರಾತ್ರಿ ಒಂದೇ ರೊಟ್ಟಿ ತಿಂದು ಮಲಗಿದ್ದೇನೆ, ಅನ್ನ ಮುಟ್ಟಿಲ್ಲ, ಚಹಾಕ್ಕೆ ಸಕ್ಕರೆ ಬಿಟ್ಟು ವರ್ಷವಾಯಿತು. ಆದರೂ ಶುಗರ್ 170 ಹೇಗೆ ಬಂತು ರೀ?' ಲ್ಯಾಬಿನ ಹುಡುಗ 'ಡಾಕ್ಟರನ್ನು ಕೇಳಿ ಕಾಕಾ' ಎನ್ನುತ್ತಾನೆ. ದವಾಖಾನೆಯಲ್ಲಿ ಇನ್ನೊಂದು ಗುಳಿಗೆ ಬರೆದುಕೊಡುತ್ತಾರೆ. ಕಾಕಾ ಅವರ ಪ್ರಶ್ನೆ ಮಾತ್ರ ಇದ್ದಲ್ಲೇ ಇರುತ್ತದೆ. ಗುಳಿಗೆ ಮೇಲೋ, ಪಥ್ಯ ಮೇಲೋ ಎಂದು ಮನೆಮನೆಯಲ್ಲಿ ನಡೆಯುವ ವಾದದ ಬೇರು ಇಲ್ಲೇ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆ 170ಕ್ಕೆ ರಾತ್ರಿಯ ರೊಟ್ಟಿಯನ್ನು ದೂರಿ ಫಲವಿಲ್ಲ. ಆ ಸಕ್ಕರೆಯನ್ನು ಸುರಿದದ್ದು ಯಕೃತ್ತು. ಹಿಂದೆ ನಮ್ಮ ಕಡೆಯ ಹಳ್ಳಿಗಳಲ್ಲಿ ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ, ಬಾಯಿ ಮುಚ್ಚಿ, ಬೇಕಾದಾಗ ತೆಗೆಯುತ್ತಿದ್ದರಲ್ಲ, ಯಕೃತ್ತು ಅಂಥದೊಂದು ಹಗೇವು. ಉಂಡಾಗ ಬಂದ ಗ್ಲುಕೋಸಿನಲ್ಲಿ ಸುಮಾರು 100 ಗ್ರಾಂನಷ್ಟನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು, ನಾವು ಮಲಗಿದಾಗ ಮಿದುಳಿಗೆಂದು ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ಈ ಹಗೇವಿನದು ಇನ್ನೊಂದು ವಿಶೇಷ: ದಾಸ್ತಾನು ಇಳಿಯುತ್ತಾ ಬಂದರೆ ಲ್ಯಾಕ್ಟೇಟ್, ಅಮೈನೋ ಆಮ್ಲಗಳಿಂದ ತಾನೇ ಹೊಸ ಗ್ಲುಕೋಸ್ ತಯಾರಿಸುತ್ತದೆ. ಸಾಕು, ಮುಚ್ಚು ಎಂದು ಅದಕ್ಕೆ ಅಪ್ಪಣೆ ಕೊಡುವುದು ಇನ್ಸುಲಿನ್. ಎರಡನೇ ಬಗೆಯ ಮಧುಮೇಹದಲ್ಲಿ, ಅದರಲ್ಲೂ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿದ್ದರೆ, ಆ ಅಪ್ಪಣೆ ಅದಕ್ಕೆ ನಾಟುವುದಿಲ್ಲ. ನಸುಕಿನಲ್ಲಿ ಏರುವ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನುಗಳು ಇನ್ನಷ್ಟು ತೆಗೆ ಎನ್ನುತ್ತವೆ. ಮನೆ ತುಂಬ ಕಾಳಿದ್ದರೂ ರಾತ್ರಿಯಿಡೀ ಹಗೇವು ತೆರೆದೇ ಇರುತ್ತದೆ. ರಾತ್ರಿಯ ಊಟವನ್ನೇ ಬಿಟ್ಟರೂ ಕೆಲವರಿಗೆ ಬೆಳಗಿನ ಅಂಕಿ ಇಳಿಯದಿರುವುದು ಇದರಿಂದ.

ಮಧುಮೇಹಕ್ಕೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಕೆಲಸ ಮಾಡುವುದು ಮುಖ್ಯವಾಗಿ ಇಲ್ಲಿಯೇ, ಯಕೃತ್ತಿನ ಹೊಸ ತಯಾರಿಕೆಯನ್ನು ತಗ್ಗಿಸುವ ಮೂಲಕ. 'ಕೆಮಿಕಲ್ ಬೇಡ, ಗಿಡಮೂಲಿಕೆ ಸಾಕು' ಎನ್ನುವವರಿಗೆ ಈ ಗುಳಿಗೆಯ ವಂಶಾವಳಿಯನ್ನು ಹೇಳಬೇಕು. ಅದರ ಮೂಲ ಯುರೋಪಿನ ಗಲೇಗಾ ಅಫಿಸಿನಾಲಿಸ್ ಎಂಬ ಗಿಡ. ಗಿಡದೊಳಗಿನ ಗಲೇಗಿನ್ ಸಕ್ಕರೆ ಇಳಿಸುತ್ತದೆ, ಜೊತೆಗೆ ಕುರಿಗಳಿಗೆ ವಿಷವೂ ಹೌದು. ಅದರ ರಾಸಾಯನಿಕ ಬಂಧುವಾದ ಮೆಟ್‌ಫಾರ್ಮಿನ್ನನ್ನು ಡಬ್ಲಿನ್ನಿನಲ್ಲಿ ವರ್ನರ್ ಮತ್ತು ಬೆಲ್ 1922ರಲ್ಲಿ ತಯಾರಿಸಿದರು. ಅದೇ ವರ್ಷದ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಸಿಕ್ಕಿತ್ತು. ಅಂಥ ಪವಾಡದೆದುರು ಬಡಪಾಯಿ ಗುಳಿಗೆಯನ್ನು ಕೇಳುವವರು ಯಾರು? ಫ್ರಾನ್ಸಿನ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ವರದಿ ಮಾಡಿದ್ದು 1957ರಲ್ಲಿ. ಫೆನ್‌ಫಾರ್ಮಿನ್ ಎಂಬ ದಾಯಾದಿಯೊಂದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸಿ ಜೀವ ತೆಗೆಯುತ್ತದೆಂದು ನಿಷೇಧಕ್ಕೊಳಗಾದಾಗ ಇದಕ್ಕೂ ಕೆಟ್ಟ ಹೆಸರು ಅಂಟಿತು. ಅಮೆರಿಕ ಒಪ್ಪಿಗೆ ಕೊಡುವಾಗ 1994 ಬಂದಿತ್ತು.

ಇನ್ನು 'ಗುಳಿಗೆ ತಿಂದರೆ ಕಿಡ್ನಿ ಹೋಗುತ್ತದೆ' ಎಂಬ ಮಾತು. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆ ಮತ್ತು ರಕ್ತದೊತ್ತಡ. ಮೆಟ್‌ಫಾರ್ಮಿನ್ ಮೂತ್ರದ ದಾರಿಯಲ್ಲಿ ಹೊರಹೋಗುವ ಮದ್ದು. ಕಿಡ್ನಿ ಸೋತಾಗ ಅದು ಮೈಯಲ್ಲಿ ಉಳಿದುಬಿಡುತ್ತದೆಂದು ವೈದ್ಯರು ಪ್ರಮಾಣ ಇಳಿಸುತ್ತಾರೆ, ಕೊನೆಗೆ ನಿಲ್ಲಿಸುತ್ತಾರೆ. ಬೀಗರ ಮನೆಯಲ್ಲಿ ಇದನ್ನು ನೋಡಿದವರು ಕಾರ್ಯಕಾರಣವನ್ನು ತಲೆಕೆಳಗು ಮಾಡಿ ಊರಿಗೆಲ್ಲ ಹಂಚುತ್ತಾರೆ. ಈ ಗುಳಿಗೆಯ ನಿಜವಾದ ತೊಂದರೆಗಳ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮೊದಮೊದಲು ಹೊಟ್ಟೆ ಕೆಡಬಹುದು. ಹಲವು ವರ್ಷ ನುಂಗಿದರೆ ಬಿ12 ಜೀವಸತ್ವ ಇಳಿಯಬಹುದು, ಶಾಕಾಹಾರಿ ಮನೆಗಳಲ್ಲಿ ಅದು ಮೊದಲೇ ಕಡಿಮೆ. ಕಾಲು ಜೋಮು ಹಿಡಿಯುತ್ತಿದ್ದರೆ ಸಕ್ಕರೆಯ ಜೊತೆಗೆ ಬಿ12 ಕೂಡ ಪರೀಕ್ಷಿಸಲು ಹೇಳಿ.

ನಡಿಗೆಯ ಕೆಲಸ ಬೇರೆ ಜಾಗದಲ್ಲಿ, ಸ್ನಾಯುವಿನಲ್ಲಿ. ನನಗೆ ಇಡೀ ಶರೀರಶಾಸ್ತ್ರದಲ್ಲೇ ಇಷ್ಟು ಸೊಗಸಿನ ಸಂಗತಿ ಕಂಡಿಲ್ಲ. ಸ್ನಾಯುಕೋಶದೊಳಗೆ ಗ್ಲುಟ್-4 ಎಂಬ ಪ್ರೋಟೀನ್ ಸಣ್ಣ ಸಣ್ಣ ಕೋಶಿಕೆಗಳಲ್ಲಿ ಸುಮ್ಮನೆ ಕುಳಿತಿರುತ್ತದೆ. ಇನ್ಸುಲಿನ್ ಬಂದು ಕರೆದಾಗ ಅದು ಕೋಶದ ಹೊರಪೊರೆಗೆ ಬಂದು ರಕ್ತದ ಗ್ಲುಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಮಧುಮೇಹದಲ್ಲಿ ಆ ಕರೆ ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಸ್ನಾಯು ಸಂಕುಚಿಸಿದರೆ ಸಾಕು, ಕೋಶದೊಳಗೆ ಕ್ಯಾಲ್ಸಿಯಂ ಏರಿ, ಶಕ್ತಿಯ ಕೊರತೆಯನ್ನು ಗುರುತಿಸುವ ಕಿಣ್ವಗಳು ಎಚ್ಚೆತ್ತು, ಇನ್ಸುಲಿನ್ನಿನ ಕರೆಗೆ ಕಾಯದೆ ಅದೇ ಗ್ಲುಟ್-4 ಹೊರಪೊರೆಗೆ ಬರುತ್ತದೆ. ರೋಗ ಹಾಳುಗೆಡವಿದ್ದು ಒಂದು ದಾರಿಯನ್ನು, ಇನ್ನೊಂದು ದಾರಿ ನೆಟ್ಟಗಿದೆ. ಊಟವಾಗಿ ಅರ್ಧ ಗಂಟೆಯೊಳಗೆ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಹದಿನೈದು ನಿಮಿಷ ಅಡ್ಡಾಡುವವರ ತೊಡೆಯಲ್ಲಿ ನಡೆಯುತ್ತಿರುವುದು ಇದೇ. ನಡೆದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್ನಿಗೆ ಹೆಚ್ಚು ಓಗೊಡುತ್ತದೆ; ಅದಕ್ಕೇ ವಾರಕ್ಕೆ 150 ನಿಮಿಷವನ್ನು ಭಾನುವಾರವೊಂದರಲ್ಲೇ ಮುಗಿಸಬೇಡಿ, ಸತತ ಎರಡು ದಿನ ಬಿಡಬೇಡಿ ಎನ್ನುತ್ತಾರೆ. ಸ್ನಾಯುವಿಗೂ ಸುಮಾರು 400 ಗ್ರಾಂ ಹಿಡಿಸುವ ದಾಸ್ತಾನಿದೆ. ಒಮ್ಮೆ ಒಳಹೋದ ಗ್ಲುಕೋಸನ್ನು ಅದು ರಕ್ತಕ್ಕೆ ಹಿಂದಿರುಗಿಸುವುದಿಲ್ಲ, ಹಿಂದಿರುಗಿಸಲು ಬೇಕಾದ ಕಿಣ್ವವೇ ಅದರಲ್ಲಿಲ್ಲ.

ಸುಶ್ರುತ ಸಂಹಿತೆಗೂ ನಡಿಗೆಯ ಗುಣ ತಿಳಿದಿತ್ತು. ಬಡ ರೋಗಿ ಪಾದರಕ್ಷೆ, ಕೊಡೆ ಇಲ್ಲದೆ, ಭಿಕ್ಷೆ ಉಂಡು, ಊರಿಗೊಂದೇ ರಾತ್ರಿ ತಂಗುತ್ತಾ ನೂರು ಯೋಜನ ನಡೆಯಬೇಕೆಂದು ಅದು ಹೇಳುತ್ತದೆ. ನಡಿಗೆಯನ್ನು ಒಪ್ಪೋಣ, ಬರಿಗಾಲನ್ನು ಬಿಡೋಣ. ನರ ಸತ್ತ ಪಾದಕ್ಕೆ ನಮ್ಮ ಮೇ ತಿಂಗಳ ಡಾಂಬರು ಸುಡುವುದು ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಗಾಣಗಾಪುರಕ್ಕೆ ಹೊರಡುವ ಮಧುಮೇಹಿಗಳು ಬೊಬ್ಬೆಯನ್ನು ಕಾಣುವುದು ಅದು ಒಡೆದು ನೀರು ಸೋರಿದಾಗ, ಎರಡು ದಿನದ ಮೇಲೆ.

ಊಟದ ವಿಷಯದಲ್ಲಿ ನಮ್ಮವರದು ಅತಿವಿಶ್ವಾಸ. 'ಜೋಳದ ರೊಟ್ಟಿಯಲ್ಲಿ ಶುಗರ್ ಇಲ್ಲ' ಎಂಬುದು ಬೀದರಿನಿಂದ ಯಾದಗಿರಿಯವರೆಗೆ ನಂಬಿಕೆ. 50 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಗೋಧಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ರೊಟ್ಟಿಯನ್ನು ಎರಡಕ್ಕಿಳಿಸಿ, ಪುಂಡಿ ಪಲ್ಯವನ್ನೂ ಗಟ್ಟಿ ಬೇಳೆಯನ್ನೂ ಹೆಚ್ಚು ಬಡಿಸಿಕೊಂಡರೆ ಆಗುವ ಲಾಭ ಧಾನ್ಯ ಬದಲಿಸುವುದರಿಂದ ಆಗದು. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿ ತೊಗರಿಯನ್ನು ನೀರುಸಾರು ಮಾಡಿ ಕುಡಿಯುವುದಂತೂ ಅನ್ಯಾಯ. ಬೆಲ್ಲದ ಹೋಳಿಗೆಗೆ ರಿಯಾಯಿತಿ ಏನೂ ಇಲ್ಲ, ಬೆಲ್ಲದ ಬಹುಪಾಲು ಸುಕ್ರೋಸೇ.

ಹಾಗಾದರೆ ತಕ್ಕಡಿ ಯಾವ ಕಡೆ? ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಥ್ಯ ಮತ್ತು ವ್ಯಾಯಾಮ ರೋಗದ ಅಪಾಯವನ್ನು ಶೇ 58ರಷ್ಟು ಇಳಿಸಿದವು, ಮೆಟ್‌ಫಾರ್ಮಿನ್ ಶೇ 31. ಚೆನ್ನೈಯಲ್ಲಿ ಡಾ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ ಅದು 28.5 ಮತ್ತು 26.4, ಅಂದರೆ ಸರಿಸಮ. ಎರಡನ್ನೂ ಕೊಟ್ಟರೂ 28.2. ಅಮೆರಿಕದ ಅಂಕಿಯನ್ನು ನಮ್ಮ ಗೋಡೆಗೆ ಅಂಟಿಸುವವರು ಇದನ್ನು ನೋಡಬೇಕು. ರೋಗ ಬಂದ ಮೇಲಿನ ಲೆಕ್ಕ ಬೇರೆ. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ, ರೋಗ ಪತ್ತೆಯಾಗಿ ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ ದಪ್ಪ ಮೈಯವರು ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರದಲ್ಲಿ ತಿಂಗಳುಗಟ್ಟಲೆ ಇದ್ದರು. ವರ್ಷದ ಕೊನೆಗೆ ಶೇ 46 ಮಂದಿಗೆ ಮದ್ದಿಲ್ಲದೆಯೇ ಸಕ್ಕರೆ ಹತೋಟಿಗೆ ಬಂದಿತ್ತು. 15 ಕಿಲೋಗಿಂತ ಹೆಚ್ಚು ಇಳಿದವರಲ್ಲಿ ಶೇ 86. ಯಕೃತ್ತಿನ ಕೊಬ್ಬು ಕರಗಿದಾಗ ಅದು ಮತ್ತೆ ಇನ್ಸುಲಿನ್ನಿನ ಮಾತು ಕೇಳಿತು. ಎರಡನೇ ವರ್ಷಕ್ಕೆ ಆ ಶೇ 46 ಎಂಬುದು 36ಕ್ಕೆ ಇಳಿಯಿತು, ತೂಕ ಮರಳಿದವರಿಗೆ ಸಕ್ಕರೆಯೂ ಮರಳಿತು. ಗುಳಿಗೆ ಬಿಡಬೇಕೆನ್ನುವವರು ತೆರಬೇಕಾದ ಬೆಲೆ ಈ ಗಾತ್ರದ್ದು. ಚಹಾದ ಸಕ್ಕರೆ ಬಿಟ್ಟದ್ದು ಅದರ ಮುಂಗಡವೂ ಅಲ್ಲ. ಮೊದಲನೇ ಬಗೆಯ ಮಧುಮೇಹದವರಿಗೆ ಈ ಆಯ್ಕೆಯೇ ಇಲ್ಲ, ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ.

ಪಥ್ಯದ ಉತ್ಸಾಹದಲ್ಲಿ ಗುಳಿಗೆ ಮತ್ತು ಉಪವಾಸ ಎರಡನ್ನೂ ಒಟ್ಟಿಗೆ ಹಿಡಿಯುವವರದೇ ನನಗೆ ಹೆಚ್ಚಿನ ಚಿಂತೆ. ಶ್ರಾವಣ ಸೋಮವಾರವಿರಲಿ, ರಂಜಾನಿನ ರೋಜಾ ಇರಲಿ, ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಬೆವರಿ, ಕೈ ನಡುಗಿ, ಎಚ್ಚರ ತಪ್ಪಬಹುದು. ಹೊಟ್ಟೆಯಲ್ಲಿ ಏನಿದೆ ಎಂದು ವಿಚಾರಿಸದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿಸುವ ಮದ್ದು ಅದು. ಉಪವಾಸದ ತಿಂಗಳಿಗೆ ಮುಂಚೆಯೇ ವೈದ್ಯರಿಗೆ ತಿಳಿಸಿ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಳ್ಳಬೇಕು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಅಪಾಯ ತೀರ ಕಡಿಮೆ, ಏಕೆಂದರೆ ಅದು ಇನ್ಸುಲಿನ್ನನ್ನು ಹೆಚ್ಚಿಗೆ ಸುರಿಸುವುದಿಲ್ಲ.