ಮಲ ಮೆತ್ತಗಾಯಿತೆಂದು ಔಷಧ ನಿಲ್ಲಿಸುವವರಿಗೆ

ಎರಡು, ಎರಡೂವರೆ ವರ್ಷದ ಮಗು. ಐದಾರು ದಿನದಿಂದ ಕಕ್ಕ ಮಾಡಿಲ್ಲ ಎಂದು ಅಪ್ಪ ಅಮ್ಮ ಗಾಬರಿಯಲ್ಲಿ ಕರೆತರುತ್ತಾರೆ. ನೋಡಿ ಔಷಧ ಬರೆಯುತ್ತೇನೆ. "ಕಡಿಮೆಯೆಂದರೂ ಎರಡು ತಿಂಗಳು ಕೊಡಬೇಕು, ನಾನು ಹೇಳದೆ ನಿಲ್ಲಿಸಬೇಡಿ" ಎನ್ನುತ್ತೇನೆ. ಅದನ್ನೇ ಚೀಟಿಯಲ್ಲೂ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಮೂರ್ನಾಲ್ಕು ವಾರ ಕಳೆಯುವಷ್ಟರಲ್ಲಿ ಅದೇ ಮಗು, ಅದೇ ಅಳು.

"ಔಷಧ ಕೊಡ್ತಾ ಇದ್ದೀರಾ?"

"ಇಲ್ಲ ಡಾಕ್ಟ್ರೇ, ನಾಲ್ಕೇ ದಿನಕ್ಕೆ ಚೆನ್ನಾಗಿ ಮೋಷನ್ ಆಯ್ತಲ್ಲ, ನಿಲ್ಲಿಸಿಬಿಟ್ವಿ. ಅಭ್ಯಾಸ ಆಗ್ಬಿಡುತ್ತೆ ಅಂತ ನಮ್ಮತ್ತೆ ಹೇಳಿದ್ರು."

ಈ ಮಾತು ಕೇಳದ ವಾರವಿಲ್ಲ. ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಅವರ ಮೇಲಲ್ಲ, ಆ ಮಗು ಮತ್ತೊಮ್ಮೆ ಪಟ್ಟ ನೋವನ್ನು ನೆನೆದು. ಹಾಗಾಗಿ ಈ ಸಲದ ಅಂಕಣ ಬಹುಪಾಲು ಈ ಒಂದೇ ವಿಷಯಕ್ಕೆ.

ಪುಟ್ಟ ಮಕ್ಕಳ ಮಲಬದ್ಧತೆ ಸಾಮಾನ್ಯವಾಗಿ ಒಂದು ಗಟ್ಟಿ ಮಲದಿಂದ ಶುರುವಾಗುತ್ತದೆ. ಜ್ವರ ಬಂದು ಎರಡು ದಿನ ಸರಿಯಾಗಿ ಉಂಡಿರುವುದಿಲ್ಲ. ಮದುವೆಗೆಂದು ಊರಿಗೆ ಹೋದಲ್ಲಿ ಕಕ್ಕಸು ಹೊಸದು. ಅಥವಾ ಡೈಪರ್ ಬಿಡಿಸಿ ಕೂರಿಸಲು ಹೊರಟಿರುತ್ತೀರಿ. ಹೇಗೋ ಒಂದು ಸಲ ಗಟ್ಟಿಯಾಗಿ ಹೋಗುತ್ತದೆ, ಗುದದ್ವಾರದ ಚರ್ಮ ಸೀಳಿ ಉರಿಯುತ್ತದೆ. 'ಇನ್ನು ಮಾಡುವುದಿಲ್ಲ' ಎಂದು ಮಗು ಆಗಲೇ ತೀರ್ಮಾನಿಸಿಬಿಡುತ್ತದೆ. ಎರಡು ವರ್ಷದ ಮಗುವಿಗೆ ಅದರ ಮಟ್ಟಿಗೆ ಇದು ಬುದ್ಧಿವಂತ ತೀರ್ಮಾನವೇ. ಮುಂದಿನ ಸಲ ಒತ್ತಡ ಬಂದಾಗ ತಡೆಹಿಡಿಯುತ್ತದೆ. ತಡೆದ ಮಲ ಗುದನಾಳದಲ್ಲಿ ಕೂರುತ್ತದೆ. ಕೂತಷ್ಟೂ ಕರುಳು ಅದರ ನೀರನ್ನು ಹೀರುತ್ತದೆ, ಮಲ ಇನ್ನಷ್ಟು ಗಟ್ಟಿಯಾಗಿ ಇನ್ನಷ್ಟು ದಪ್ಪವಾಗುತ್ತದೆ. ಕೊನೆಗೊಮ್ಮೆ ಹೊರಬರುವಾಗ ಮೊದಲಿಗಿಂತ ಹೆಚ್ಚು ನೋಯುತ್ತದೆ. ಮಗುವಿನ ಹೆದರಿಕೆ ಗಟ್ಟಿಯಾಗುತ್ತದೆ.

ಇಲ್ಲಿ ತಂದೆತಾಯಿ ತಪ್ಪಾಗಿ ಓದುವ ಒಂದು ದೃಶ್ಯವಿದೆ. "ಪಾಪ, ಎಷ್ಟು ತಿಣುಕ್ತಾನೆ ಡಾಕ್ಟ್ರೇ, ಬರೋದೇ ಇಲ್ಲ" ಎನ್ನುತ್ತಾರೆ. ಹೇಗೆ ತಿಣುಕುತ್ತಾನೆ ಎಂದು ಕೇಳಿದರೆ, ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾನೆ, ಕಾಲುಗಳನ್ನು ಒಂದಕ್ಕೊಂದು ಬಿಗಿಯುತ್ತಾನೆ, ತುದಿಗಾಲಲ್ಲಿ ನಿಂತು ಸೋಫಾ ಹಿಡಿದು ಮುಖ ಕೆಂಪಗೆ ಮಾಡುತ್ತಾನೆ ಎನ್ನುತ್ತಾರೆ. ಆ ಮಗು ಹೊರಹಾಕಲು ತಿಣುಕುತ್ತಿಲ್ಲ. ಒಳಗೇ ಹಿಡಿದಿಡಲು ಹೆಣಗುತ್ತಿದೆ. ನಿಮ್ಮ ಮಗುವೂ ಹೀಗೆ ಮಾಡುತ್ತಿದ್ದರೆ ಫೋನಿನಲ್ಲಿ ವಿಡಿಯೊ ಮಾಡಿ ತಂದು ನಿಮ್ಮ ವೈದ್ಯರಿಗೆ ತೋರಿಸಿ, ಬಹಳ ಉಪಯೋಗವಾಗುತ್ತದೆ.

ವಾರಗಟ್ಟಲೆ ಹೀಗೆ ಹಿಡಿದರೆ ಗುದನಾಳ ಹಿಗ್ಗುತ್ತದೆ. ಹಿಗ್ಗಿದ ಗುದನಾಳಕ್ಕೆ ತುಂಬಿದ ಅರಿವು ಬೇಗ ಆಗುವುದಿಲ್ಲ, ತಳ್ಳುವ ಬಲವೂ ತಗ್ಗಿರುತ್ತದೆ. ಅಂದರೆ ಸರಿಯಾಗಬೇಕಾದವು ಎರಡು. ಒಂದು, ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಮರಳಬೇಕು. ಇನ್ನೊಂದು, ಕಕ್ಕ ಮಾಡಿದರೆ ನೋಯುತ್ತದೆ ಎಂಬುದನ್ನು ಮಗು ಮರೆಯಬೇಕು. ನಾಲ್ಕನೇ ದಿನ ಮಲ ಮೆತ್ತಗಾಯಿತಲ್ಲ, ಆಗ ಇವೆರಡರಲ್ಲಿ ಒಂದೂ ಆಗಿರುವುದಿಲ್ಲ. ಮುರಿದ ಕೈಗೆ ಹಾಕಿದ ಪ್ಲಾಸ್ಟರನ್ನು ನೋವು ಹೋಯಿತೆಂದು ಮೂರನೇ ದಿನ ಯಾರೂ ಬಿಚ್ಚಿಸುವುದಿಲ್ಲ. ಇಲ್ಲೂ ಔಷಧ ಕಾಯುತ್ತಿರುವುದು ಒಳಗಿನ ವಾಸಿಗೆ. ನೋವಿಲ್ಲದೆ ಹೋದ ದಿನಗಳು ಒಂದರ ಹಿಂದೊಂದು ಸಾಲಾಗಿ ಬರಬೇಕು, ಆಗ ಮಗು ತಾನಾಗಿ ಹಿಡಿತ ಸಡಿಲಿಸುತ್ತದೆ. ನಡುವೆ ಒಂದೇ ಒಂದು ಗಟ್ಟಿ ಮಲ ಬಂದರೂ ಅದರ ನೆನಪು ಮರುಕಳಿಸುತ್ತದೆ.

ಎರಡು ತಿಂಗಳು ಎಂಬುದು ನಾನು ಮನಸ್ಸಿಗೆ ಬಂದಂತೆ ಹೇಳುವ ಲೆಕ್ಕವಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರಕರುಳು ತಜ್ಞರ ಸಂಘಗಳು 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಇದು ಇದೆ: ಕನಿಷ್ಠ 2 ತಿಂಗಳು ಔಷಧ, ಎಲ್ಲ ಲಕ್ಷಣ ಹೋಗಿ ಕನಿಷ್ಠ 1 ತಿಂಗಳು ಕಳೆದ ಮೇಲೆ ನಿಧಾನವಾಗಿ ಇಳಿಕೆ. ಕಕ್ಕಸಿನಲ್ಲಿ ಕೂರುವುದನ್ನು ಕಲಿಯುತ್ತಿರುವ ವಯಸ್ಸಾದರೆ ಆ ಕಲಿಕೆ ಮುಗಿಯುವವರೆಗೆ ನಿಲ್ಲಿಸಬಾರದು. ನಮ್ಮಲ್ಲಿಗೆ ಬರುವ ಎಷ್ಟೋ ಮಕ್ಕಳಿಗೆ ಆರು ತಿಂಗಳು ಬೇಕಾಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು.

ಇನ್ನು ಅಭ್ಯಾಸದ ಭಯ. ಒಂದು ವರ್ಷ ದಾಟಿದ ಮಕ್ಕಳಿಗೆ ನಾವು ಮೊದಲು ಬರೆಯುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಅದಕ್ಕಿಂತ ಚಿಕ್ಕವರಿಗೆ ಲ್ಯಾಕ್ಟುಲೋಸ್ ಸಿರಪ್. ಇವು ಕರುಳಿನ ಸ್ನಾಯುವನ್ನು ಕೆರಳಿಸಿ ಕೆಲಸ ಮಾಡಿಸುವುದಿಲ್ಲ. ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲ ಮೆತ್ತಗಿರುವಂತೆ ನೋಡಿಕೊಳ್ಳುತ್ತವೆ. ಪಾಲಿಎಥಿಲೀನ್ ಗ್ಲೈಕಾಲ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಬಹುತೇಕ ಮಲದಲ್ಲೇ ಹೊರಹೋಗುತ್ತದೆ. ಕರುಳು ಇದಕ್ಕೆ ಒಗ್ಗಿ ಸೋಮಾರಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಲ್ಲಿಸಿದೊಡನೆ ತೊಂದರೆ ಮರಳುವುದನ್ನು ಕಂಡು "ನೋಡಿ, ಅಭ್ಯಾಸ ಆಗಿಬಿಟ್ಟಿದೆ" ಎನ್ನುತ್ತೀರಿ. ಮರಳಿದ್ದು ವಾಸಿಯಾಗದೆ ಉಳಿದಿದ್ದ ಹಳೆಯ ಕಾಯಿಲೆ.

ಕರುಳನ್ನು ಕೆರಳಿಸುವುದು ಹರಳೆಣ್ಣೆ. ತಿಂಗಳಿಗೊಮ್ಮೆ ಮಗುವಿಗೆ ಹರಳೆಣ್ಣೆ ಕುಡಿಸಿ ಹೊಟ್ಟೆ 'ತೊಳೆಯುವ' ಮನೆಗಳು ಇಂದಿಗೂ ಇವೆ. ಅಜ್ಜಿಯರ ಕಾಳಜಿ ನನಗೆ ಗೊತ್ತು, ಅವರು ಬೆಳೆಸಿದ ಮಕ್ಕಳೇ ನಾವೆಲ್ಲ. ಆದರೂ ಇದು ಬೇಡ. ಹೊಟ್ಟೆ ಮುರಿದು ಭೇದಿಯಾಗಿ ಮಗು ಸುಸ್ತಾಗುತ್ತದೆ, ಕುಡಿಸುವಾಗ ಕೆಮ್ಮಿದರೆ ಎಣ್ಣೆ ಶ್ವಾಸಕೋಶಕ್ಕೂ ಇಳಿಯಬಹುದು. ಸೋಪಿನ ಚೂರು, ಎಣ್ಣೆ ಹಚ್ಚಿದ ವೀಳ್ಯದೆಲೆ ತೊಟ್ಟು ಇವೂ ಬೇಡ. ಆ ಕ್ಷಣಕ್ಕೆ ಮಲ ಬರಬಹುದು. ಆದರೆ ಯಾವ ಜಾಗ ನೋಯುತ್ತದೆಂದು ಮಗು ಹೆದರಿದೆಯೋ ಅದೇ ಜಾಗಕ್ಕೆ, ನಾಲ್ಕು ಜನ ಹಿಡಿದುಕೊಂಡು, ಮತ್ತೊಂದು ವಸ್ತು ತೂರಿಸಿದಂತಾಯಿತು. ಎನಿಮಾ ವಿಷಯದಲ್ಲೂ ನಾನು ಇದೇ ಕಾರಣಕ್ಕೆ ಹಿಂಜರಿಯುತ್ತೇನೆ. ಸಾಧ್ಯವಾದಷ್ಟು ಬಾಯಿಯಿಂದ ಕೊಟ್ಟೇ ಮಲ ಹೊರತರಲು ನೋಡುತ್ತೇನೆ.

ಬಾಯಿಯಿಂದ ಕೊಡುವಾಗ ಮೊದಲ ಕೆಲವು ದಿನ ಪ್ರಮಾಣ ಹೆಚ್ಚು, ಒಳಗೆ ಕೂತದ್ದೆಲ್ಲ ಹೊರಬರಬೇಕಲ್ಲ. ಆಗ ನೀರು ನೀರಾಗಿ ಹೋಗಬಹುದು. ಹೆದರಿ ಔಷಧ ಬಿಡುವವರು ಇಲ್ಲೂ ಇದ್ದಾರೆ. ತೀರಾ ತೆಳುವಾದರೆ ಪ್ರಮಾಣ ಇಳಿಸಬೇಕು, ನಿಲ್ಲಿಸಬಾರದು, ಫೋನ್ ಮಾಡಿ ಕೇಳಿ. ಪುಡಿಯನ್ನು ಎಷ್ಟು ನೀರಿಗೆ ಬೆರೆಸಲು ಹೇಳಿದೆಯೋ ಅಷ್ಟಕ್ಕೇ ಬೆರೆಸಿ. ಎಷ್ಟು ಕೊಡಬೇಕೆಂಬುದು ತೂಕದ ಮೇಲೆ ಹೋಗುತ್ತದೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆ ಮಗುವಿನ ಚೀಟಿ ನೋಡಿಯೂ ಕೊಡಬೇಡಿ.

ಮೂರೂವರೆ ವರ್ಷದ ಹುಡುಗಿಯೊಬ್ಬಳನ್ನು ಅವಳ ಅಜ್ಜಿ ಕರೆತಂದಿದ್ದರು. ದೂರು ಭೇದಿಯದು. ದಿನಕ್ಕೆ ಹಲವು ಸಲ ಚಡ್ಡಿಯಲ್ಲಿ ತೆಳ್ಳಗೆ ಸೋರುತ್ತಿತ್ತು. ಭೇದಿ ನಿಲ್ಲಲೆಂದು ತರಕಾರಿ, ಹಣ್ಣು ಎಲ್ಲ ಬಿಡಿಸಿ ಬರೀ ಗಂಜಿ ಕೊಟ್ಟಿದ್ದರು. ಮನೆಯಲ್ಲಿ ಬೈಗುಳವೂ ಬಿದ್ದಿತ್ತು, ಇಷ್ಟು ದೊಡ್ಡವಳಾಗಿ ಚಡ್ಡಿಯಲ್ಲೇ ಮಾಡುತ್ತಾಳೆ ಎಂದು. ಹೊಟ್ಟೆ ಮುಟ್ಟಿದರೆ ಕಿಬ್ಬೊಟ್ಟೆಯಲ್ಲಿ ಗಟ್ಟಿ ಉಂಡೆ. ಅಜ್ಜಿಯ ಕೈ ಹಿಡಿದು ಅಲ್ಲಿಡಿಸಿದೆ.

"ಅಯ್ಯೋ, ಗಡ್ಡೆನಾ ಡಾಕ್ಟ್ರೇ?"

"ಅಲ್ಲ ಅಜ್ಜಿ, ಮಲ. ಇದು ಅಡ್ಡ ಕೂತಿದೆ, ಪಕ್ಕದಿಂದ ನೀರು ಸೋರ್ತಿದೆ. ಅವಳಿಗೆ ಸೋರೋದು ಗೊತ್ತೇ ಆಗಲ್ಲ."

ಅಜ್ಜಿ ಮೊಮ್ಮಗಳನ್ನು ತಬ್ಬಿಕೊಂಡು ಅತ್ತರು. ಆಮೇಲೆ ತಿಂಗಳುಗಟ್ಟಲೆ ಒಂದು ದಿನವೂ ತಪ್ಪದಂತೆ ಔಷಧ ಕುಡಿಸಿದವರು ಅವರೇ. ಗೋಡೆಯ ಕ್ಯಾಲೆಂಡರಿನಲ್ಲಿ ಮಲ ಆದ ದಿನಕ್ಕೆಲ್ಲ ಗುರುತು ಹಾಕಿ, ಆ ಹಾಳೆಗಳನ್ನು ಹರಿದು ತಂದು ತೋರಿಸುತ್ತಿದ್ದರು. ಆ ಹುಡುಗಿ ಚೆನ್ನಾಗಿದ್ದಾಳೆ. ಅಂಥ ಒಂದು ಕ್ಯಾಲೆಂಡರ್ ನನಗೆ ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ತಿಳಿಸುತ್ತದೆ.

ಆಹಾರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಗಲೇ ಬಲಿತ ಮಲಬದ್ಧತೆ ಹಣ್ಣು, ನೀರಿನಿಂದ ಮಾತ್ರ ಇಳಿಯುವುದು ಅಪರೂಪ. ಆಹಾರ ಮುಂದೆ ಮರಳದಂತೆ ನೋಡಿಕೊಳ್ಳಲು ಬೇಕು. ನಾನು ಮೊದಲು ಕೇಳುವುದು ಹಾಲಿನ ಲೆಕ್ಕ. ಬಾಟಲಿಯಲ್ಲಿ ದಿನಕ್ಕೆ ಲೀಟರ್ ಹಾಲು ಕುಡಿಯುವ ಮಗುವಿಗೆ ಅನ್ನ, ಸೊಪ್ಪಿಗೆ ಹೊಟ್ಟೆಯಲ್ಲಿ ಜಾಗವೇ ಇರುವುದಿಲ್ಲ. ಒಂದು ವರ್ಷದ ಮೇಲೆ ಅರ್ಧ ಲೀಟರ್ ಮೀರದಿರಲಿ. "ರಾಗಿ ಕೊಡ್ತೀವಲ್ಲ" ಎನ್ನುತ್ತಾರೆ. ಹೇಗೆ ಎಂದರೆ, ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿ ಮಾಡಿದ ಸರಿ. ನಾರು ಬಟ್ಟೆಯಲ್ಲೇ ಉಳಿಯಿತು. ಆರೇಳು ತಿಂಗಳ ಕೂಸಿಗೆ ಅದು ಸರಿ, ಎರಡು ವರ್ಷದ ಮಗು ಮುದ್ದೆಯನ್ನೇ ತಿನ್ನಬಹುದು. ಜೊತೆಗೆ ಸೊಪ್ಪಿನ ಸಾರು, ಪರಂಗಿ ಹಣ್ಣು, ನೆನೆಸಿ ಕಿವುಚಿದ ಒಣದ್ರಾಕ್ಷಿ. ಬಿಸ್ಕತ್ತು, ರಸ್ಕು ಕಡಿಮೆ ಮಾಡಿ.

ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಆಗ ಐದು ನಿಮಿಷ ಕೂರಿಸಿ. ಕಮೋಡಾದರೆ ಕಾಲಡಿಗೆ ಮಣೆ ಕೊಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರಲಿ. ಅತ್ತರೆ ಎಬ್ಬಿಸಿ. ಹೆದರಿದ ಮಗುವಿಗೆ ಕೆಲವು ವಾರ ಡೈಪರನ್ನೇ ಮರಳಿ ಹಾಕಿದರೂ ನಷ್ಟವಿಲ್ಲ.

100ಕ್ಕೆ 90ಕ್ಕೂ ಹೆಚ್ಚು ಮಕ್ಕಳಲ್ಲಿ ಬೇರೆ ರೋಗವೇನೂ ಇರುವುದಿಲ್ಲ. ಆದರೆ ಹುಟ್ಟಿ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗಿರದಿದ್ದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ತೂಕ ಏರದಿದ್ದರೆ, ಕಾಲಲ್ಲಿ ಬಲ ಕಡಿಮೆ ಎನಿಸಿದರೆ, ತೊಂದರೆ ಹುಟ್ಟಿದ ಮೊದಲ ತಿಂಗಳಲ್ಲೇ ಶುರುವಾಗಿದ್ದರೆ ಮನೆಯಲ್ಲಿ ಏನೂ ಪ್ರಯೋಗ ಮಾಡದೆ ತೋರಿಸಿ. ಹುಟ್ಟಿನಿಂದಲೇ ಕರುಳಿನ ನರಗಳ ದೋಷ, ಥೈರಾಯ್ಡ್ ಕೊರತೆ ಇಂಥವನ್ನು ನೋಡಬೇಕಾಗುತ್ತದೆ. ಎದೆಹಾಲು ಮಾತ್ರ ಕುಡಿಯುವ ಕೂಸು ಆಟವಾಡಿಕೊಂಡು, ತೂಕ ಏರುತ್ತಾ, ನಾಲ್ಕೈದು ದಿನಕ್ಕೊಮ್ಮೆ ಮೆತ್ತಗೆ ಮಾಡಿದರೆ ಅದು ಮಲಬದ್ಧತೆಯಲ್ಲ.

ಔಷಧ ಇಳಿಸುವ ಕಾಲ ಬಂದಾಗ ಒಮ್ಮೆಲೇ ಬಿಡುವುದಿಲ್ಲ, ಕೆಲವು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಗ್ಗಿಸುತ್ತೇವೆ. ತಗ್ಗಿಸಿದಾಗ ಮಲ ಮತ್ತೆ ಗಟ್ಟಿಯಾಯಿತು, ಮಗು ಬಾಗಿಲ ಹಿಂದೆ ಹೋಗತೊಡಗಿತು ಎಂದರೆ ಹಿಂದಿನ ಪ್ರಮಾಣಕ್ಕೆ ಅಂದೇ ಮರಳಿ, ನಮಗೆ ತಿಳಿಸಿ. ಒಂದು ತಿಂಗಳು ಕಳೆದ ಮೇಲೆ ಮತ್ತೆ ಇಳಿಸಿ ನೋಡೋಣ.