ಲಿಲ್ಲಿ ಗಡ್ಡೆಗೆ ಕರಾವಳಿಯ ಮಳೆಗಾಲ

ಆರಿದ್ರಾ ಮಳೆ ಜಡಿ ಹಿಡಿದು ಹತ್ತು ದಿನವಾಗುವಷ್ಟರಲ್ಲಿ ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಂಗಳಗಳಲ್ಲಿ ಲಿಲ್ಲಿ ಗಿಡದ ಎಲೆ ಹಳದಿಯಾಗಿ, ಮುಟ್ಟಿದರೆ ಬುಡದಿಂದಲೇ ಕಳಚಿ ಕೈಗೆ ಬರುತ್ತದೆ. ಗಡ್ಡೆ ಕಿತ್ತರೆ ಕೊಳೆತ ಈರುಳ್ಳಿಯ ವಾಸನೆ. ಮಳೆ ಜಾಸ್ತಿಯಾಯಿತು ಎಂದು ಎಲ್ಲರೂ ಕೈಬಿಡುತ್ತಾರೆ. ಆದರೆ ಅದೇ ಮಳೆಯಲ್ಲಿ ಗಟಾರದ ಅಂಚಿನ ಸ್ಪೈಡರ್ ಲಿಲ್ಲಿ ಬೆಳ್ಳಗೆ ಹೂ ಬಿಟ್ಟಿರುತ್ತದೆ, ಅಂಗಳದ ಮೂಲೆಯಲ್ಲಿ ರೇನ್ ಲಿಲ್ಲಿ ಗುಂಪಾಗಿ ಅರಳಿರುತ್ತದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುವ ಈ ತೀರದಲ್ಲಿ ಲಿಲ್ಲಿಯನ್ನು ಕೊಲ್ಲುವುದು ಹೆಚ್ಚಾಗಿ ಗಡ್ಡೆಯ ತಳದಲ್ಲಿ ನಿಂತ ನೀರು. ಎಲೆಯ ಮೇಲೆ ಸುರಿಯುವ ನೀರನ್ನು ಈ ಗಿಡಗಳು ಚೆನ್ನಾಗಿಯೇ ತಾಳಿಕೊಳ್ಳುತ್ತವೆ.

ಲಿಲ್ಲಿ ಎಂದು ನಾವು ಕರೆಯುವ ಕೆಂಪು ಹಿಪ್ಪಿಯಾಸ್ಟ್ರಮ್, ಮೇ ತಿಂಗಳ ಕೊನೆಗೆ ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿ, ರೇನ್ ಲಿಲ್ಲಿ, ಸ್ಪೈಡರ್ ಲಿಲ್ಲಿ ಎಲ್ಲವೂ ಅಮರಿಲ್ಲಿಡೇಸೀ ಕುಟುಂಬದವು. ತಂಪು ದೇಶಗಳ ವಸಂತದಲ್ಲಿ ಗಾಳಿಮಳೆಗೆ ಜಗ್ಗದೆ ನಿಲ್ಲುವ ಡ್ಯಾಫೋಡಿಲ್ ಕೂಡ ಇದೇ ಮನೆತನದ್ದು. ಡ್ಯಾಫೋಡಿಲ್ ಹೂದಂಟಿನ ಅಡ್ಡಕೊಯ್ತ ಪೂರ್ತಿ ದುಂಡಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ಆದ್ದರಿಂದ ಅದು ಬಾಗುವುದಕ್ಕಿಂತ ಸಲೀಸಾಗಿ ತಿರುಚಿಕೊಳ್ಳುತ್ತದೆ. ಗಾಳಿ ಬಂದ ಕಡೆಗೆ ಹೂವು ಬೆನ್ನು ತಿರುಗಿಸುತ್ತದೆ, ಗಾಳಿಯ ಎಳೆತ ಕಡಿಮೆಯಾಗುತ್ತದೆ. ಈ ಗಿಡವನ್ನು ಇಲ್ಲಿ ಬೆಳೆಸಬಹುದೇ ಎಂದು ಕೇಳುವವರು ಬಹಳ. ಸಾಮಾನ್ಯ ಡ್ಯಾಫೋಡಿಲ್ ಗಡ್ಡೆಗೆ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ 12ರಿಂದ 16 ವಾರ ಬೇಕು. ಕಾರವಾರದಲ್ಲಿ ಜನವರಿಯಲ್ಲೂ ಹಗಲು 30 ಡಿಗ್ರಿ ದಾಟುತ್ತದೆ. ಶಿರಸಿಯ ರಾತ್ರಿಗಳು ತಂಪಾದರೂ ಆ ಲೆಕ್ಕ ತುಂಬುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಒಂದು ಸಲ ಹೂ ನೋಡಬಹುದು, ಆದರೆ ಅದೇ ಫ್ರಿಜ್ಜಿನಲ್ಲಿ ಬಾಳೆಹಣ್ಣು, ಸೇಬು ಇಡಬಾರದು: ಹಣ್ಣಿನಿಂದ ಬರುವ ಎಥಿಲೀನ್ ಒಳಗಿನ ಮೊಗ್ಗನ್ನು ಕೊಲ್ಲುತ್ತದೆ. ಅಷ್ಟು ಕಷ್ಟಪಟ್ಟ ಗಡ್ಡೆ ಮರುವರ್ಷ ನಮ್ಮ ಬಿಸಿಯಲ್ಲಿ ಹೂ ಕೊಡುವುದಿಲ್ಲ. ಆ ಶ್ರಮವನ್ನು ಅದರ ದಾಯಾದಿಗಳ ಮೇಲೆ ಹಾಕುವುದು ಮೇಲು.

ಗಡ್ಡೆ ಕೊಳೆಯುವುದು ಹೇಗೆಂದು ತಿಳಿದರೆ ಉಳಿದದ್ದು ಸುಲಭ. ಗಡ್ಡೆಯ ತಳದಲ್ಲಿ ಬಿಲ್ಲೆಯಂಥ ಗಟ್ಟಿ ಭಾಗವಿದೆ. ಬೇರು ಹೊರಡುವುದೂ ಪದರುಗಳು ಅಂಟಿಕೊಂಡಿರುವುದೂ ಅಲ್ಲೇ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ನಾಲ್ಕಾರು ದಿನ ನಿಂತರೆ ಗಾಳಿಯಿಲ್ಲದೆ ಬೇರು ಸಾಯುತ್ತದೆ, ಸತ್ತ ಬೇರಿನ ದಾರಿಯಲ್ಲಿ ಕೊಳೆ ಬಿಲ್ಲೆಗೆ ಏರುತ್ತದೆ. ಮೇಲಿನ ಎಲೆಗೆ ಸುದ್ದಿ ಮುಟ್ಟುವಾಗ ತಳ ಮುಗಿದಿರುತ್ತದೆ.

ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಗಟ್ಟಿ ಕಲ್ಲುಮಣ್ಣಿನಲ್ಲಿ ಗುಂಡಿ ತೋಡಿ, ಅದಕ್ಕೆ ಸಡಿಲ ಗೊಬ್ಬರದ ಮಣ್ಣು ತುಂಬಿ ಗಡ್ಡೆ ಇಡುತ್ತಾರೆ. ಜುಲೈಯಲ್ಲಿ ಆ ಗುಂಡಿ ಬಾನಿಯಾಗುತ್ತದೆ. ಸುತ್ತಲಿನ ನೆಲ ನೀರು ಇಂಗಿಸದು, ಅಂಗಳದ ನೀರೆಲ್ಲ ಸಡಿಲ ಮಣ್ಣಿಗೇ ಇಳಿಯುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ಬಸಿಯುತ್ತದೆ ಎಂಬ ನಂಬಿಕೆ ಬಲವಾಗಿದೆ, ಆದರೆ ಅದು ತಪ್ಪು. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ ನೀರು ಕೆಳಗಿಳಿಯುತ್ತದೆ, ಅಂದರೆ ಒದ್ದೆ ಪದರು ಗಡ್ಡೆಯ ಹತ್ತಿರಕ್ಕೇ ಏರಿ ಬರುತ್ತದೆ.

ನೆಡುವ ಮೊದಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ, ಒಂದು ಕೋಲಿನಲ್ಲಿ ಗುರುತು ಹಾಕಿ, ಗಂಟೆ ಬಿಟ್ಟು ನೋಡಿ. ಗಂಟೆಗೆ ಒಂದು ಇಂಚಿಗಿಂತ ಕಡಿಮೆ ಇಳಿದರೆ ಅಲ್ಲಿ ಗುಂಡಿಯ ಮಾತೇ ಬೇಡ, ನೆಲದ ಮೇಲೆ ಮಡಿ ಏರಿಸಬೇಕು. ಬೇಸಿಗೆಯಲ್ಲಿ ಚೆನ್ನಾಗಿ ಇಂಗುವ ಗದ್ದೆಬದಿಯ, ಹೊಳೆಬದಿಯ ಜಾಗವೂ ಮಳೆಗಾಲದಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಬಾವಿಯ ನೀರು ಮೇಲೆ ಬಂದಂತೆ ನೆಲದೊಳಗಿನ ನೀರೂ ಏರಿರುತ್ತದೆ. ಕಳೆದ ಆಷಾಢದಲ್ಲಿ ಎಲ್ಲಿ ನೀರು ನಿಂತಿತ್ತು ಎಂಬ ಮನೆಯವರ ನೆನಪು ಈ ಪರೀಕ್ಷೆಗಿಂತ ನಂಬಿಕೆಯದು.

ಮಡಿ 20ರಿಂದ 30 ಸೆಂ.ಮೀ. ಎತ್ತರವಿರಲಿ. ಅಗಲ ಮೂರಡಿ ಸಾಕು, ಎರಡೂ ಬದಿಯಿಂದ ಕೈಗೆ ಸಿಗಬೇಕು. ಅಂಚಿಗೆ ಚಿರೆಕಲ್ಲು ಇಟ್ಟರೆ ಸಿಮೆಂಟು ಮೆತ್ತಬೇಡಿ, ಸಂದಿನಲ್ಲಿ ನೀರು ಹೊರಹೋಗಲಿ. ಅಡಿಕೆ ದಬ್ಬೆ ಇನ್ನೂ ಒಳ್ಳೆಯದು. ಎರಡು ಪಾಲು ಅಂಗಳದ ಮಣ್ಣು, ಒಂದು ಪಾಲು ದಪ್ಪ ಹೊಳೆ ಉಸುಕು, ಒಂದು ಪಾಲು ಪೂರ್ತಿ ಕಳಿತ ಗೊಬ್ಬರ. ಸಮುದ್ರದ ಉಸುಕು ಬೇಡ, ಅದರಲ್ಲಿ ಉಪ್ಪೂ ಚಿಪ್ಪಿನ ಸುಣ್ಣವೂ ಇರುತ್ತವೆ. ಹಸಿ ಸಗಣಿ ಗಡ್ಡೆಗೆ ತಾಗಿದಲ್ಲಿ ಕೊಳೆ ಶುರುವಾಗುತ್ತದೆ. ತೆಂಗಿನ ನಾರಿನ ಪುಡಿ ಬೇಸಿಗೆಗೆ ಸೈ, ಜುಲೈಯಲ್ಲಿ ಅದು ಒದ್ದೆ ಅರಿವೆಯಂತೆ ನೀರು ಹಿಡಿದಿರುತ್ತದೆ.

ಆಳದ ವಿಷಯದಲ್ಲಿ ಎಲ್ಲ ಗಡ್ಡೆಗೂ ಒಂದೇ ಅಳತೆ ನಡೆಯುವುದಿಲ್ಲ. ಹಿಪ್ಪಿಯಾಸ್ಟ್ರಮ್ ಗಡ್ಡೆಯ ಕುತ್ತಿಗೆ, ಅಂದರೆ ಮೇಲಿನ ಮೂರನೇ ಒಂದು ಪಾಲು, ಮಣ್ಣಿನ ಹೊರಗಿರಬೇಕು. ಗಡ್ಡೆಯಿಂದ ಗಡ್ಡೆಗೆ ಒಂದಡಿ. ಸ್ಪೈಡರ್ ಲಿಲ್ಲಿ, ಫುಟ್‌ಬಾಲ್ ಲಿಲ್ಲಿಗಳ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರಲಿ. ರೇನ್ ಲಿಲ್ಲಿಯ ಪುಟ್ಟ ಗಡ್ಡೆ 4–5 ಸೆಂ.ಮೀ. ಆಳ, ನಾಲ್ಕು ಬೆರಳು ಅಂತರ, ಒಂದೇ ಕಡೆ ಹತ್ತು ಹದಿನೈದು ಇಟ್ಟರೆ ಚಂದ. ನೀರು ನಿಲ್ಲುವ ಜಾಗ ಬಿಟ್ಟರೆ ಬೇರೆ ಇಲ್ಲವೆಂದಾದರೆ ಸ್ಪೈಡರ್ ಲಿಲ್ಲಿಯನ್ನೇ ನೆಡಿ, ಒದ್ದೆಯನ್ನೂ ಉಪ್ಪುಗಾಳಿಯನ್ನೂ ತಾಳುವ ಕಡಲತಡಿಯ ಗಿಡ ಅದು. ಹಂಚಿನ ಮಾಡಿನ ನೀರು ಬೀಳುವ ಸಾಲಿನಲ್ಲಿ ಮಾತ್ರ ಯಾವುದನ್ನೂ ನೆಡಬೇಡಿ. ಆ ಹನಿ ಒಂದೇ ವಾರದಲ್ಲಿ ಗಡ್ಡೆಯನ್ನು ಬತ್ತಲೆ ಮಾಡುತ್ತದೆ, ಕೆಸರನ್ನು ಎಲೆಗೆ ಎರಚುತ್ತದೆ. ಅಲ್ಲಿಂದ ಎರಡಡಿ ಆಚೆ ನೆಡಿ.

ಇನ್ನು ಗಾಳಿ. ಹಿಪ್ಪಿಯಾಸ್ಟ್ರಮ್ ಹೂ ಬಿಡುವುದು ಏಪ್ರಿಲ್–ಮೇಯ ಗುಡುಗು ಮಳೆಯ ಹೊತ್ತಿಗೆ. ಅದರ ದಂಟು ಟೊಳ್ಳು, ತುದಿಯಲ್ಲಿ ನಾಲ್ಕು ದೊಡ್ಡ ಹೂ, ಪ್ರತಿ ಹೂವೂ ಬಟ್ಟಲಿನಂತೆ ನೀರು ತುಂಬಿಕೊಳ್ಳುತ್ತದೆ. ಮುರಿಯುವುದು ಹೆಚ್ಚಾಗಿ ಬುಡದಿಂದ ಒಂದು ಗೇಣಿನೊಳಗೆ. ನೆರಳಲ್ಲಿ ಬೆಳೆದ, ಯೂರಿಯಾ ತಿಂದ ಗಿಡದ ದಂಟು ಉದ್ದವಾಗಿ ಮೆತ್ತಗಿರುತ್ತದೆ, ಅದೇ ಮೊದಲು ಮಲಗುತ್ತದೆ. ದಿನಕ್ಕೆ ನಾಲ್ಕೈದು ತಾಸು ಬಿಸಿಲು ಸಿಗುವಲ್ಲಿ ನೆಟ್ಟು, ಒಲೆಬೂದಿ ಒಂದು ಮುಷ್ಟಿ ಉದುರಿಸಿದರೆ ದಂಟು ಗಡುಸಾಗುತ್ತದೆ. ಆಧಾರಕ್ಕೆ ದಬ್ಬೆಯ ಸಪೂರ ಸೀಳು ಸಾಕು. ಗಡ್ಡೆಯಿಂದ ಮೂರು ಬೆರಳು ದೂರ ಊರಿ, ಇಲ್ಲವಾದರೆ ಗಡ್ಡೆಯನ್ನೇ ಚುಚ್ಚುತ್ತೀರಿ. ಬಾಳೆಪಟ್ಟೆಯಿಂದ ದಂಟಿಗೂ ಕೋಲಿಗೂ ನಡುವೆ ಒಂದು ಅಡ್ಡ ಸುತ್ತು ಬರುವಂತೆ ಸಡಿಲವಾಗಿ ಕಟ್ಟಿ. ದಂಟು ತುಸು ಅಲ್ಲಾಡಬೇಕು, ಬಿಗಿದರೆ ಕಟ್ಟಿದ ಜಾಗದಲ್ಲೇ ತುಂಡಾಗುತ್ತದೆ.

ಪಡುವಣ ಗಾಳಿಗೆ ತಡೆಯೆಂದು ಗೋಡೆಯನ್ನು ನೆಚ್ಚಬೇಡಿ. ಗೋಡೆಗೆ ಹೊಡೆದ ಗಾಳಿ ಮೇಲೇರಿ ಆಚೆ ಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ. ಅರ್ಧ ಗಾಳಿ ಬಿಡುವ ಹಸಿರು ನೆಟ್, ಹೆಣೆದ ಮಡಲಿನ ತಟ್ಟಿ, ದಾಸವಾಳದ ಬೇಲಿ ಇವು ಗಾಳಿಯ ರಭಸವನ್ನು ಜರಡಿ ಹಿಡಿಯುತ್ತವೆ.

ಎಲೆ, ದಂಟುಗಳ ಮೇಲೆ ಕುಂಕುಮದಂಥ ಕೆಂಪು ಗೆರೆ, ಮಚ್ಚೆ ಬಂದು ದಂಟು ಒಂದೇ ಕಡೆಗೆ ಸೊಟ್ಟಗಾದರೆ ಅದು ಕೆಂಪುಚುಕ್ಕೆ ಶಿಲೀಂಧ್ರ. ಡ್ಯಾಫೋಡಿಲ್ ಎಲೆಯ ತುದಿ ಸುಡುವುದೂ ಇದೇ ರೋಗದಿಂದ. ಒದ್ದೆ ಎಲೆಯಿಂದ ಎಲೆಗೆ ಮಳೆಹನಿಯೇ ಇದನ್ನು ಹಂಚುತ್ತದೆ. ತಾಗಿದ ಎಲೆ ಕತ್ತರಿಸಿ ಸುಡಿ, ಗೊಬ್ಬರಗುಂಡಿಗೆ ಎಸೆಯಬೇಡಿ. ಅಡಿಕೆ ತೋಟವಿದ್ದ ಮನೆಯಲ್ಲಿ ಔಷಧಿ ಆಗಲೇ ಇದೆ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ, ಅಂದರೆ ಮೈಲುತುತ್ತ, ಸುಣ್ಣದ ದ್ರಾವಣ. ತೋಟವಿಲ್ಲದವರು 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಹೊಳೆಯುವ ಚೂರಿಯನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಕಡಿಮೆ, ಇನ್ನಷ್ಟು ಸೇರಿಸಿ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕಲಸಿದ ದಿನವೇ, ಮಳೆ ಹೊಳವಾದಾಗ ಸಿಂಪಡಿಸಿ.

ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಕಂಬಳಿಹುಳು ಕಂಡರೆ ಅದೇ ಸಂಜೆ ಆರಿಸಿ ಸೋಪಿನ ನೀರಿಗೆ ಹಾಕಿ. ಗುಂಪಾಗಿ ಬರುವ ಈ ಹುಳು ಒಂದೆರಡು ದಿನದಲ್ಲಿ ಎಲೆ ಮುಗಿಸಿ ಗಡ್ಡೆಯ ಕುತ್ತಿಗೆಗೆ ಇಳಿಯುತ್ತದೆ.

ಹೂ ಬಾಡಿದ ಮೇಲೆ ದಂಟನ್ನು ಕತ್ತರಿಸಿ, ಎಲೆಯನ್ನು ಮುಟ್ಟಬೇಡಿ. ಅಂಗಳ ಚೊಕ್ಕ ಕಾಣಲೆಂದು ಎಲೆ ಸವರುವುದು, ಜಡೆಯಂತೆ ಗಂಟು ಹಾಕುವುದು ಕರಾವಳಿಯಲ್ಲಿ ಬಹಳ. ಹಿಪ್ಪಿಯಾಸ್ಟ್ರಮ್ ಗಡ್ಡೆ ಸುಮಾರು ನಾಲ್ಕು ಎಲೆಗೆ ಒಂದರಂತೆ ಮೊಗ್ಗನ್ನು ಒಳಗೆ ಕಟ್ಟುತ್ತದೆ. ಮಳೆಗಾಲದಲ್ಲಿ ಎಂಟು ಎಲೆ ಉಳಿಸಿದವರಿಗೆ ಮುಂದೆ ಎರಡು ದಂಟಿನ ಆಸೆಯಿರುತ್ತದೆ.

ಗಡ್ಡೆ ಬಿಡಿಸಿ ಹಂಚಲು ಡಿಸೆಂಬರ್–ಜನವರಿ ಸರಿಯಾದ ಕಾಲ. ಕಿತ್ತ ಗಡ್ಡೆಯನ್ನು ಒತ್ತಿ ನೋಡಿ, ಮೆತ್ತಗಾದ ಪದರನ್ನು ಬಿಳಿ ಕಾಣುವ ತನಕ ಕೊಯ್ದು, ಗಾಯಕ್ಕೆ ಬೂದಿ ಒತ್ತಿ ನೆರಳಲ್ಲಿ ಒಂದು ವಾರ ಆರಿಸಿ. ತಳದ ಬಿಲ್ಲೆಯೇ ಕಂದಾಗಿದ್ದರೆ ಅದು ಬದುಕುವುದಿಲ್ಲ. ಆರಿಸುವಾಗ ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹತ್ತಿರ ಇಡಲೇಬೇಡಿ. ನೋಡಲು ಎರಡೂ ಒಂದೇ, ಆದರೆ ಈ ಕುಟುಂಬದ ಲಿಲ್ಲಿ ಗಡ್ಡೆಗಳಲ್ಲಿ ವಾಂತಿ ತರಿಸುವ ಲೈಕೋರಿನ್ ಎಂಬ ವಿಷವಿದೆ. ನಾಯಿಗೂ ದನಕ್ಕೂ ಅದು ಅಪಾಯ. ರಸ ತಾಗಿದರೆ ಕೆಲವರ ಚರ್ಮ ತುರಿಸುತ್ತದೆ, ಆದ್ದರಿಂದ ಕೊಯ್ಯುವಾಗ ಕೈಗವಸು ಇರಲಿ, ಬಳಸಿದ ಚೂರಿ ಅಡುಗೆಗೆ ವಾಪಸು ಹೋಗದಿರಲಿ.